ನೆವೆಂಕಾ ಡಾಕ್ಟರರ ನಲವತ್ತು ನಿಮಿಷ

ಬ್ರೆಸ್ತೊವಾತ್ಸ್, ಸೋಮವಾರ

ರಾಜಧಾನಿ ಜಾಗ್ರೆಬ್‌ನಲ್ಲಿ ಕುಳಿತು ನಮ್ಮೂರಿನ ನಿಮಿಷಗಳನ್ನು ಎಣಿಸುವ, ಎಣಿಸಿ ದಂಡಿಸುವ ತಪಾಸಣಾ ಮಂಡಳಿಯ ಮಹನೀಯರಿಗೆ ನಮಿಸಿ,

ಒಬ್ಬ ರೋಗಿಗೆ ಹತ್ತು ನಿಮಿಷವೆಂಬ ನಿಯಮ ಮೀರಿ ನಲವತ್ತು ಕೊಟ್ಟರೆಂಬ ದೂರಿನ ಮೇಲೆ ನಮ್ಮ ಕುಟುಂಬ ವೈದ್ಯೆ ನೆವೆಂಕಾ ಅವರನ್ನು ಗುರುವಾರ ವಿಚಾರಣೆಗೆ ಕರೆದಿದ್ದೀರಿ. ಅವರು ಹೋದರೆ ನಮಗೆ ಬೇರೆ ಡಾಕ್ಟರಿಲ್ಲ. ಆದ್ದರಿಂದ ಎಲ್ಲ ರೋಗಿಗಳ ಪರವಾಗಿ ಬರೆಯುತ್ತಿದ್ದೇನೆ.

ನಮ್ಮಲ್ಲಿ ಟೋಕನ್ ಇಲ್ಲ. ಬಂದವರು "ಕೊನೇಲಿ ಯಾರಿದೀರಿ?" ಎಂದು ಕೇಳಿ, ಆ ಮುಖ ನೆನಪಿಟ್ಟುಕೊಳ್ಳಬೇಕು. ದೂರಿನಲ್ಲಿರುವ ಆ ದಿನ ನನ್ನ ಮುಂದಿದ್ದವಳು ಬಾರಿತ್ಸಾ. ಗಂಡನನ್ನು ಮಣ್ಣು ಮಾಡಿ ವಾರವಾಗಿತ್ತು. ಒಳಗೆ ಹೋದವಳು ನಲವತ್ತು ನಿಮಿಷ ಹೊರಬರಲಿಲ್ಲ.

"ಒಳಗೇನು ಕಾಫಿ ಕಾಯಿಸ್ತಿದಾರಾ?" ಎಂದೆ.

"ಸುಮ್ನಿರಪ್ಪಾ ದ್ರಾಗುತಿನ್, ನಿನ್ನ ಸರದಿ ಎಲ್ಲಿಗೂ ಓಡಿಹೋಗಲ್ಲ," ಎಂದಳು ನರ್ಸ್.

ಮರುತಿಂಗಳು ನನ್ನ ಹೆಂಡತಿ ಸ್ಲಾವಿತ್ಸಾ ತೀರಿಕೊಂಡಳು. ವಾರ ಕಳೆದು, ಅಭ್ಯಾಸಬಲದಿಂದ ಅವಳ ಆರೋಗ್ಯ ಕಾರ್ಡು ಹಿಡಿದು ಹೋದೆ. "ಎಂದಿನ ಬಿಪಿ ಮಾತ್ರೆ ಬರ್ಕೊಡಿ," ಎಂದೆ. ಡಾಕ್ಟರು ಎದ್ದು ಬಾಗಿಲು ಹಾಕಿ, ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು.

"ಅವಸರವಿಲ್ಲ ದ್ರಾಗುತಿನ್. ಅವರ ಬಗ್ಗೆ ಹೇಳಿ."

ಎಷ್ಟು ಹೊತ್ತಾಯಿತೋ ನಾನು ನೋಡಲಿಲ್ಲ. ಹೊರಬಂದಾಗ ಹದಿನಾಲ್ಕು ಮಂದಿ ಕಾಯುತ್ತಿದ್ದರು. ಬಾರಿತ್ಸಾ ಎದ್ದು ನನ್ನ ಕೋಟಿನ ಗುಂಡಿ ಹಾಕಿದಳು. ಯಾರೂ ಗೊಣಗಲಿಲ್ಲ.

ದಯವಿಟ್ಟು ದೂರನ್ನು ಗುರುವಾರದೊಳಗೆ ವಜಾ ಮಾಡಿ. ಎಲ್ಲರ ಪರವಾಗಿ ಎಂದದ್ದು ಸುಳ್ಳು, ಯಾರೂ ನನ್ನನ್ನು ಕಳಿಸಿಲ್ಲ. ಬಾರಿತ್ಸಾಳ ನಲವತ್ತು ನಿಮಿಷದ ಮೇಲೆ ಹೆಸರಿಲ್ಲದೆ ದೂರು ಬರೆದವನು ನಾನೇ.

ಇತಿ, ಈ ಸಲ ಹೆಸರು ಹಾಕಿ,
ದ್ರಾಗುತಿನ್