ಕೆಂಪು ಗೆರೆಯಿಂದ ಅರ್ಧ ಸುತ್ತು

ಪೂಜ್ಯ ಶರಣಪ್ಪ ಕಾಕಾ ಅವರಿಗೆ,

ಈ ಕಾಗದ ಬರೆಯಲು ಶನಿವಾರ ಊಟ ಮುಗಿದೊಡನೆ ಕುಳಿತವನು ಈಗಾಗಲೇ ಮೂರು ಸಲ ಎದ್ದು ಅಂಗಳದಲ್ಲಿ ಅಡ್ಡಾಡಿ ಬಂದಿದ್ದೇನೆ. ನಾಳೆ ಬೆಳಿಗ್ಗೆ ಹುಸೇನ್ ಸಾಗರದ ಮೆಟ್ಟಿಲಿಳಿದು, ನೀವು ನಿಲ್ಲುತ್ತಿದ್ದ ಜಾಗದಲ್ಲಿ, ಎದೆಮಟ್ಟದ ನೀರಿನಲ್ಲಿ ನಾನು ನಿಲ್ಲಬೇಕಾಗಿದೆ. ನೀವು ಬಿದ್ದ ದಿನದಿಂದ ನಾನು ಆ ನೀರಿಗೆ ಇಳಿದವನಲ್ಲ. ಏಕೆಂದು ನಿಮಗೆ ಗೊತ್ತಿತ್ತೇ? ಗೊತ್ತಿದ್ದೂ ಸುಮ್ಮನಿದ್ದಿರೇ? ಈ ಪ್ರಶ್ನೆಯೇ ನನ್ನನ್ನು ಒಂದು ಕಡೆ ಕೂರಗೊಡುತ್ತಿಲ್ಲ.

ನೀವು ಮೊದಲ ಸಲ ನನ್ನನ್ನು ಸಾಗರದ ದಡದ ದೋಣಿಮನೆಗೆ ಕರೆದೊಯ್ದ ಭಾನುವಾರ ನೆನಪಾಗುತ್ತದೆ. ಕಾರ್ಖಾನೆಯಲ್ಲಿ ನೀವು ಫೋರ್‌ಮನ್, ನಾನು ಬೀದರಿನಿಂದ ಬಂದು ಆರು ತಿಂಗಳೂ ತುಂಬದ ಫಿಟ್ಟರ್. ಬೇಗಂ ಬಜಾರಿನಿಂದ ತಂದ ದೊಡ್ಡ ಡ್ರಮ್ಮಿನ ನೀರಿನಲ್ಲಿ ದೋಣಿಯ ಮೋಟಾರನ್ನು ಇಳಿಬಿಟ್ಟು, ಕಾರ್ಬುರೇಟರಿನ ಸ್ಕ್ರೂ ತಿರುಗಿಸಿ, ವೇಗದ ಹಿಡಿ ಮುಟ್ಟದಿದ್ದರೂ ಅದು ತಾನಾಗಿ ನಿಧಾನಕ್ಕೆ ಉಸಿರಾಡುವಂತೆ ಮಾಡಿ ನಾನು ಹೆಮ್ಮೆಯಿಂದ ನಿಂತಿದ್ದೆ. ನೀವು ಬೀಡಿ ಕೆಳಗಿಟ್ಟು ನಕ್ಕಿರಿ. "ಡ್ರಮ್ಮಿನ್ಯಾಗ ಎಲ್ಲಾ ಎಂಜಿನ್ನೂ ಶಾಣ್ಯಾನ ಇರ್ತಾವ ತಮ್ಮಾ. ಕೆರಿಗೆ ಇಳಿಸಿ ಗೇರ್ ಹಾಕು, ಅದರ ಖರೇ ಗುಣ ಆಗ ಗೊತ್ತಾಗತೈತಿ." ಇಳಿಸಿದೆ, ಗೇರ್ ಹಾಕಿದೆ, ಮೋಟಾರು ಕೆಮ್ಮಿ ನಿಂತಿತು. ನೀವು ಸ್ಕ್ರೂಡ್ರೈವರನ್ನು ನನ್ನ ಕೈಗೆ ವಾಪಸು ಕೊಟ್ಟಿರಿ.

ಹಾಯಿದೋಣಿ ಕಲಿಯುವ ಮಕ್ಕಳ ಹಿಂದೆ ಹೋಗುವ ಕಾವಲು ದೋಣಿ ಅದು. ಅದರ ಮುಂದೆ ನೀರಿನಲ್ಲಿ ನೀವು ನಿಲ್ಲುವುದನ್ನು ಮೊದಲು ಕಂಡಾಗ ನಾನು ಗಾಬರಿಯಾಗಿದ್ದೆ. "ನೀರಿಗೆ ಬಿದ್ದಾಂವನ ಹತ್ರ ಹೋಗೋ ದೋಣಿ ಐತಿ ಇದು. ಜೋರಾಗಿ ಹೋದ್ರ ಅವನ ತಲಿ ಒಡೀತೈತಿ, ನಡುವ ನಿಂತ್ರ ಅಂವ ಮುಳಗತಾನ. ಅದಕ್ಕ, ಎಂಜಿನ್ ಹೊಂದಿಸಿದಾಂವನ ನೀರಾಗ ನಿಂದರಬೇಕು" ಎಂದಿರಿ. ಬೇರೊಬ್ಬರು ದೋಣಿಯನ್ನು ಗೇರಿನಲ್ಲಿ, ಹಿಡಿ ಮುಟ್ಟದ ಐಡಲ್ ವೇಗದಲ್ಲಿ ನಡೆಸಿ ತರಬೇಕು; ನೀವು ಅದರ ಮೂತಿಯನ್ನು ಒಂದೇ ಅಂಗೈಯಿಂದ ತಡೆಯಬೇಕು; ತಡೆದ ಮೇಲೂ ಎಂಜಿನ್ ಸಾಯಬಾರದು. ಆ ನಾರುವ ನೀರಿನಿಂದ ಹೊರಬಂದ ನಿಮ್ಮನ್ನು ಕಾಕಿ ಮನೆಯೊಳಗೆ ಬಿಡುತ್ತಿರಲಿಲ್ಲ. ಹಿತ್ತಿಲಲ್ಲಿ ಎರಡು ಕೊಡ ನೀರು, ಒಂದು ಸಾಬೂನು, ಮೇಲೊಂದು ಬೈಗುಳ. "ಹುಸೇನ್ ಸಾಗರಾನ ಮನೀಗೆ ತಂದ್ರಿ ನೋಡ್ರಿ. ಮದಲ ಆ ಕಡೆ ಹೋಗ್ರಿ."

ಆ ಹದಿನೈದು ಕುದುರೆಬಲದ ಹಳೆಯ ಮೋಟಾರನ್ನು ಮಾರ್ಪಡಿಸಿದ ಮಳೆಗಾಲವನ್ನು ಮರೆಯಲಾರೆ. ಬೇರೊಂದು ಮೋಟಾರಿನ ಕಾರ್ಬುರೇಟರನ್ನು ಅದಕ್ಕೆ ಕೂರಿಸಿದಿರಿ. ಸಿಲಿಂಡರಿನ ಹೆಡ್ಡನ್ನು ಕೂದಲೆಳೆಯಷ್ಟು ಸವೆಸಿದಿರಿ. ವೇಗವೇನೋ ಬಂತು, ನಿಧಾನವೇ ಬರಲಿಲ್ಲ. ನಾಲ್ಕು ಭಾನುವಾರ ಎರಡು ಸ್ಕ್ರೂಗಳ ಮುಂದೆ ಕುಳಿತಿರಿ: ಒಂದು, ಎಷ್ಟು ಪೆಟ್ರೋಲು ಹೋಗಬೇಕೆಂದು ಹೇಳುವುದು, ಇನ್ನೊಂದು, ಐಡಲ್‌ನಲ್ಲಿ ಕಿಡಿ ಯಾವ ಕ್ಷಣಕ್ಕೆ ಹಾರಬೇಕೆಂದು ಹೇಳುವುದು. ಐದನೆಯ ಭಾನುವಾರ ಕಿವಿಯಿಟ್ಟು ಆಲಿಸಿ, "ಸಿಕ್ತು" ಎಂದಷ್ಟೇ ನುಡಿದು, ಮಗಳ ಉಗುರುಬಣ್ಣದಿಂದ ಆ ಟೈಮಿಂಗ್ ಸ್ಕ್ರೂವಿನ ತಲೆಯಿಂದ ಪಕ್ಕದ ಲೋಹದ ಮೇಲಕ್ಕೆ ಒಂದೇ ಕೆಂಪು ಗೆರೆ ಎಳೆದಿರಿ.

ಆ ದಿನ ದೋಣಿಮನೆಗೆ ಅತಿಥಿಗಳು ಬಂದಿದ್ದರು, ನೆನಪಿದೆಯೇ? ನಗರದ ಪಶ್ಚಿಮಕ್ಕೆ ಗಾಜಿನ ಕಟ್ಟಡಗಳು ಏಳತೊಡಗಿದ್ದ ಕಾಲ. ಹೊಸ ಕಂಪನಿಯೊಂದರ ಇಸ್ತ್ರಿ ಅಂಗಿಯ ಹುಡುಗರು ದಡದಲ್ಲಿ ನಿಂತಿದ್ದರು. ನೀವು ಬೆನ್ನು ತಿರುಗಿಸಿ ನೀರಿಗೆ ಇಳಿಯುತ್ತಿದ್ದಿರಿ. ನಾನು ದೋಣಿಯಲ್ಲಿ ಮೋಟಾರು ಶುರು ಮಾಡಿದೆ, ಗೇರ್ ಹಾಕಿದೆ, ನಿಂತಿತು. ಮತ್ತೆ ಶುರು ಮಾಡಿದೆ, ಮತ್ತೆ ನಿಂತಿತು. ದಡದಲ್ಲಿ ಯಾರೋ ನಕ್ಕರು. ಎಂಜಿನ್ ಅಷ್ಟರಲ್ಲಿ ಮತ್ತೆ ತಣ್ಣಗಾಗಿತ್ತು ಕಾಕಾ, ಅಷ್ಟೇ. ನಾಲ್ಕು ನಿಮಿಷ ಬಿಸಿಯಾಗಲು ಬಿಟ್ಟಿದ್ದರೆ... ನಾನು ಮುಚ್ಚಳ ಎತ್ತಿ, ನಿಮ್ಮ ಕೆಂಪು ಗೆರೆಯಿದ್ದ ಸ್ಕ್ರೂವನ್ನು ಅರ್ಧ ಸುತ್ತು ತಿರುಗಿಸಿ ಮುಚ್ಚಿದೆ. ಮೋಟಾರು ಹಿಡಿದುಕೊಂಡಿತು. ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ಅದು ಬಿಸಿಯಾಗಿತ್ತು. ನಿಮ್ಮತ್ತ ತಿರುಗಿದಾಗ ದೋಣಿ ನಡೆಯುತ್ತಿರಲಿಲ್ಲ, ಓಡುತ್ತಿತ್ತು. ಗೇರ್ ತೆಗೆದೆ, ತಡವಾಗಿತ್ತು. ಅಂಗೈ ಜಾರಿತು, ಮೂತಿ ನಿಮ್ಮ ಎಡಭುಜಕ್ಕೆ ಬಡಿಯಿತು, ಕಲ್ಲಿನ ಮೆಟ್ಟಿಲ ಮೇಲೆ ನೀವು ಬಿದ್ದ ಸದ್ದು...

ಆಸ್ಪತ್ರೆಯ ಮಂಚದ ಮೇಲಿನಿಂದ ನೀವು ಎಲ್ಲರಿಗೂ ಹೇಳಿದ್ದು ಒಂದೇ ಮಾತು. "ಹುಡುಗಂದೇನೂ ತಪ್ಪಿಲ್ರಿ. ನಾನ ಐಡಲ್ ಜಾಸ್ತಿ ಇಟ್ಟೀನಿ. ನನ್ನ ಕಿವಿ ಹೋತು." ನಾನು ಪಕ್ಕದಲ್ಲಿ ಮೋಸಂಬಿ ಸುಲಿಯುತ್ತ ಕುಳಿತಿದ್ದೆ. ನಾಳೆ ಹೇಳಿದರಾಯಿತು, ಮನೆಗೆ ಬಂದ ಮೇಲೆ ಹೇಳಿದರಾಯಿತು... ಮೂಳೆ ಕೂಡಿತು, ನೀವು ಮಾತ್ರ ಮತ್ತೆ ಸ್ಕ್ರೂಡ್ರೈವರ್ ಹಿಡಿಯಲಿಲ್ಲ. ಆ ಮೋಟಾರು ಮೂಲೆ ಸೇರಿತು. ಯಾರಾದರೂ ಕೇಳಿಕೊಂಡು ಬಂದರೆ, "ನನ್ನ ಕೇಳಬ್ಯಾಡ್ರಿ, ಇಂವನ್ನ ಕೇಳ್ರಿ" ಎಂದು ನನ್ನತ್ತ ಕೈ ತೋರಿಸುತ್ತಿದ್ದಿರಿ. ಮನೆಯಲ್ಲಿ ಕಾಕಿ ಆಡಿದ ಮಾತನ್ನು ಎರಡೆರಡು ಸಲ ಹೇಳಿಸುತ್ತಿದ್ದಿರಿ. "ಕಿವಿ ನೆಟ್ಟಗ ಅದಾವ ಇವರಿಗೆ, ಸುಮ್ನ ನಾಟಕ ಮಾಡ್ತಾರ" ಎಂದು ಕಾಕಿ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಎರಡನೆಯ ವರ್ಷ ಜ್ವರ ಬಂದು ನೀವು ಹೊರಟೇಹೋದಿರಿ, ಕಿವಿ ಹೋಯಿತೆಂದು ನಂಬಿಕೊಂಡೇ.

ಕಳೆದ ತಿಂಗಳು ಅಶ್ವಿನಿ ಆ ಮೋಟಾರನ್ನು ಮೂಲೆಯಿಂದ ಎಳೆದು ತಂದಾಗ ನಾನು ಬೇಡವೆನ್ನಬಹುದಿತ್ತು. ಮಲ್ಪೆಯ ಹುಡುಗಿ, ಮನೆಯವರದು ಮೀನುಗಾರಿಕೆ, ಇವಳದು ಸಾಫ್ಟ್‌ವೇರ್. ವರ್ಷಕ್ಕೊಂದು ಕಂಪನಿ ಬದಲಿಸುವ ಈ ಮಕ್ಕಳು ನನ್ನ ಬಳಿ ಒಂದೇ ಸ್ಕ್ರೂ ಮುಂದೆ ಇಡೀ ಭಾನುವಾರ ಕೂರುತ್ತಾರೆ ಕಾಕಾ; ನೀವು ಕಂಡಿದ್ದರೆ ಬಹಳ ಸಂತೋಷಪಡುತ್ತಿದ್ದಿರಿ. ಅವಳು ಸೀಲುಗಳನ್ನು ಬದಲಿಸಿದಳು, ಕಾರ್ಬುರೇಟರ್ ತೊಳೆದಳು. ಹೋದ ಭಾನುವಾರ ಮುಚ್ಚಳ ತೆರೆದಿಟ್ಟು ಕರೆದಳು. "ಸರ್, ಇಲ್ಲೊಂದು ಕೆಂಪು ಗೆರೆ ಉಂಟು, ಅರ್ಧ ಈ ಕಡೆ, ಅರ್ಧ ಆ ಕಡೆ. ಕೂಡುದೇ ಇಲ್ಲ. ಯಾರೋ ಆಮೇಲೆ ತಿರುಗಿಸಿದ್ದಾರೆ ಮಾರಾಯ್ರೆ."

"ನಾನೇ" ಎಂದೆ. ಇಷ್ಟು ವರ್ಷ ಗಂಟಲಲ್ಲಿದ್ದ ಮಾತು ಅಷ್ಟು ಸಣ್ಣದಾಗಿತ್ತು. ಎಲ್ಲವನ್ನೂ ಹೇಳಿದೆ. ಅವಳು ಗೆರೆಯ ಮೇಲೆ ಬೆರಳಾಡಿಸಿ, "ಅದಕ್ಕೇ ನೀವು ನೀರಿಗೆ ಇಳಿಯುದಿಲ್ಲ, ಮೆಟ್ಟಿಲಿಗೆ ಟೈರ್ ಕಟ್ಟಿ ಅದಕ್ಕೆ ದೋಣಿ ತಾಗಿಸಿ ನೋಡುದು" ಎಂದಳು. ಆಮೇಲೆ, "ಗೆರೆ ಕೂಡಿಸಿ ನೋಡುವನಾ ಸರ್? ಅವರ ಕಿವಿ ಸರಿ ಇತ್ತಾ ಇಲ್ವಾ ಗೊತ್ತಾಗ್ತದೆ. ನೀರಲ್ಲಿ ನಾನು ನಿಲ್ತೇನೆ" ಎಂದಳು. ನಾನು ಒಪ್ಪಲಿಲ್ಲ. ಹೊಂದಿಸಿದವರು ನಿಲ್ಲಬೇಕು, ಅದನ್ನು ಹೊಂದಿಸಿದವರು ನೀವು, ನಿಮ್ಮ ಜಾಗದಲ್ಲಿ ನಿಲ್ಲಬೇಕಾದವನು ನಾನು. ನಿಮ್ಮ ಕೆಲಸದ ಮೇಲೆ ನನಗೆ ಅನುಮಾನವಿಲ್ಲ. ಆದರೂ, ಒಂದು ವೇಳೆ ಗೆರೆ ಕೂಡಿದ ಮೇಲೂ ದೋಣಿ ಓಡಿಬಂದರೆ? ಬಿದ್ದ ನಂತರ ಎಷ್ಟೋ ಸಲ ನೀವು ಆ ಮೂಲೆಯ ಮೋಟಾರಿನ ಬಳಿ ಕುಳಿತಿದ್ದುಂಟು. ಒಮ್ಮೆಯೂ ಮುಚ್ಚಳ ತೆಗೆದು ನೋಡಲಿಲ್ಲವೇ? ನೋಡಿದ್ದರೆ...

ಇಲ್ಲಿಗೆ ನಿಲ್ಲಿಸಿ ಎದ್ದವನು ಈಗ ಭಾನುವಾರ ಹನ್ನೊಂದು ಗಂಟೆಗೆ ದೋಣಿಮನೆಯ ಬೆಂಚಿನ ಮೇಲೆ ಮುಂದುವರಿಸುತ್ತಿದ್ದೇನೆ. ಕಾಗದ ಅಲ್ಲಲ್ಲಿ ಒದ್ದೆಯಾದರೆ ಕ್ಷಮಿಸಿ.

ಸ್ಕ್ರೂ ತಿರುಗಿಸಿ ನಿಮ್ಮ ಕೆಂಪು ಗೆರೆ ಕೂಡಿಸಿ ನೀರಿಗೆ ಇಳಿದೆ, ಪಾಚಿಯ ಮೆಟ್ಟಿಲ ಮೇಲೆ ಕಾಲೂರಿ ನಿಂತೆ. ಅಶ್ವಿನಿ ಮೋಟಾರು ಶುರು ಮಾಡಿ ಗೇರ್ ಹಾಕಿದಳು, ನಿಂತಿತು. ಅಂದಿನಂತೆಯೇ. "ಬಿಸಿಯಾಗಲಿ, ಕಾಯಮ್ಮಾ" ಎಂದು ಕೂಗಿದೆ. "ಕಾಯ್ತಿದ್ದೇನೆ ಸರ್, ನಿಮಗೇ ಅವಸರ" ಎಂದಳು. ಆರು ನಿಮಿಷ ಆ ವಾಸನೆಯಲ್ಲಿ ನಿಂತೆ. ಆಮೇಲೆ ಅವಳು ದೂರ ಹೋಗಿ ತಿರುಗಿದಳು. ದೋಣಿ ಬಂತು ಕಾಕಾ. ದೇವರ ಮನೆಗೆ ದೀಪ ಹಿಡಿದು ಬರುವವರಂತೆ ಬಂತು. ಅಂಗೈ ಚಾಚಿದೆ, ಮೂತಿ ಬಂದು ತಾಗಿ ನಿಂತಿತು, ಭುಜಕ್ಕೆ ಭಾರವೇ ಬರಲಿಲ್ಲ. ಎಂಜಿನ್ ಸಾಯಲಿಲ್ಲ. ನಾನು ಕೈ ತೆಗೆಯಲೂ ಇಲ್ಲ, ಅವಳು "ಸರ್, ಸಾಕಲ್ಲ?" ಎಂದು ಎರಡು ಸಲ ಕೇಳಿದ ಮೇಲೆಯೇ ಬಿಟ್ಟೆ.

ನಿಮ್ಮ ಕಿವಿ ಹೋಗಿರಲಿಲ್ಲ. ನೀವು ಇಟ್ಟದ್ದು ಜಾಸ್ತಿಯಾಗಿರಲಿಲ್ಲ. ತಪ್ಪು ಹುಡುಗನದೇ.

ಕಾಕಿ ಈಗ ಮಗಳೊಡನೆ ಮಿಯಾಪುರದ ಹೊಸ ಅಪಾರ್ಟ್‌ಮೆಂಟಿನಲ್ಲಿದ್ದಾರೆ, ಮೂರನೆಯ ಮಹಡಿ. ಈ ಮಾತನ್ನು ಅವರ ಮುಂದೆಯೂ ಹೇಳದೆ ಇದು ಮುಗಿಯುವುದಿಲ್ಲ. ನಾಳೆ ಎಂದು ಮುಂದೂಡುವುದಿಲ್ಲ; ಈಗಲೇ ಹೊರಟೆ. ಮನೆಗೆ ಹೋಗಿ ಸ್ನಾನ ಮಾಡುವುದೂ ಇಲ್ಲ. ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿಕೊಳ್ಳಲಿ. ಬಾಗಿಲು ತೆರೆದ ಕಾಕಿ ಮೊದಲು ಬೈಯಲಿ, ಆ ಕಡೆ ಹೋಗೆನ್ನಲಿ. ಆಮೇಲೆ ಎಲ್ಲಿಂದ ಬಂದೆ, ಯಾರ ಜಾಗದಲ್ಲಿ ನಿಂತು ಬಂದೆ ಎಂಬುದನ್ನು ನಾನು ಅವರಿಗೆ ವಿವರಿಸಬೇಕಾಗಿಲ್ಲ.

ನಿಮ್ಮ ಸ್ಕ್ರೂಡ್ರೈವರ್ ಇನ್ನೂ ಇಟ್ಟುಕೊಂಡಿರುವ,
ಮಲ್ಲಿಕಾರ್ಜುನ