ಬೆರಳಿಗೆ ಗೊತ್ತಿದ್ದ ಉಸಿರು

ಶುಕ್ರವಾರ ರಾತ್ರಿ,
ಅಡುಗೆಮನೆಯಿಂದ

ಪ್ರೀತಿಯ ಅಕ್ಕನಿಗೆ,

ಒಂದೇ ಮನೆಯಲ್ಲಿದ್ದುಕೊಂಡು ಕಾಗದ ಬರೆಯುವ ತಂಗಿಯ ನಮಸ್ಕಾರ. ನೀನು ಗೋಡೆಯ ಆಚೆ ಇದ್ದೀಯ, ನಾನು ಈಚೆ ಒಲೆಯ ಪಕ್ಕ ಕೂತಿದ್ದೇನೆ. ಈಗಷ್ಟೇ ನೀನು ಕುರ್ಚಿಯನ್ನು ಕಿಟಕಿಯತ್ತ ಎಳೆದುಕೊಂಡ ಸದ್ದು ಕೇಳಿತು. ಬಾಯಲ್ಲೇ ಹೇಳೋಣವೆಂದು ನಿನ್ನ ಬಾಗಿಲ ತನಕ ಬಂದೆ, ತಟ್ಟದೆ ಹಿಂದಿರುಗಿದೆ. ಅದಕ್ಕೇ ಬರೆದು ಬಾಗಿಲ ಕೆಳಗೆ ತಳ್ಳುತ್ತಿದ್ದೇನೆ. ಉತ್ತರ ಬರೆಯಲು ಮನಸ್ಸಿಲ್ಲದಿದ್ದರೆ ಖಾಲಿ ಹಾಳೆಯನ್ನೇ ವಾಪಸ್ ತಳ್ಳು, ಅಷ್ಟು ಸಾಕು.

ಮಧ್ಯಾಹ್ನದ ತಟ್ಟೆಯನ್ನು ನೀನು ಮುಟ್ಟಿಲ್ಲ. ‘ಮಹಾರಾಣಿ ಬಾಗಿಲು ತೆಗೀದಿದ್ರೆ ಇನ್ಮೇಲೆ ಬಾಗಿಲಿಗೇ ಬಡಿಸ್ತೀನಿ’ ಎಂದು ಅಮ್ಮ ಗೊಣಗಿದಳು. ಆಮೇಲೆ ನಲ್ಲಿಯನ್ನು ಜೋರಾಗಿ ಬಿಟ್ಟುಕೊಂಡು ಅತ್ತಳು.

‘ನಡೀಬಹುದು, ಕುಣಿಯೋದು ಮಾತ್ರ ಮರೆತುಬಿಡಿ’ ಎಂದು ಡಾಕ್ಟರು ನಿನ್ನ ಪಾದ ನೋಡಿ ಹೇಳಿದ ದಿನದಿಂದ ನೀನು ರಂಗಮಂದಿರದ ಸುದ್ದಿ ಕೇಳಿಲ್ಲ. ನಾನೂ ಹೇಳಿಲ್ಲ. ಇವತ್ತು ಹೇಳಲೇಬೇಕು. ಬ್ಯಾಲೆಯಲ್ಲಿ ನಿನ್ನ ಪಾತ್ರವನ್ನು ಒಬ್ಬ ಹೊಸ ಹುಡುಗಿಗೆ ಕೊಟ್ಟಿದ್ದಾರೆ. ನಿನ್ನ ಬಿಳಿ ಉಡುಪನ್ನು ದರ್ಜಿಯ ಹತ್ತಿರ ಸೊಂಟ ಹಿಡಿಸಿ ಅವಳಿಗೇ ತೊಡಿಸಿದ್ದಾರೆ. ಪೋಸ್ಟರಿಗೆ ಅವಳು ಗಾಳಿಯಲ್ಲಿರುವ ಚಿತ್ರ ಬೇಕಿತ್ತು. ತೆಗೆಯಬೇಕಾದವಳು ನಾನು.

ಈ ಕೆಲಸ ನನಗೆ ಬಂದದ್ದೇ ನಿನ್ನಿಂದ. ಚಿಕ್ಕವರಿದ್ದಾಗ ನೀನು ಪಡಸಾಲೆಯಲ್ಲಿ ಹಾರುತ್ತಿದ್ದೆ, ನಾನು ಖಾಲಿ ಸೋಪಿನ ಡಬ್ಬಿಯನ್ನು ಕಣ್ಣಿಗಿಟ್ಟುಕೊಂಡು ‘ಕ್ಲಿಕ್’ ಎನ್ನುತ್ತಿದ್ದೆ. ಹಾರಿಕೆಯ ತುದಿಯನ್ನು ಕಣ್ಣಿಂದ ಕಂಡು ಒತ್ತಿದರೆ ತಡವಾಯಿತೆಂದೇ ಅರ್ಥ. ಅಷ್ಟರಲ್ಲಿ ಕಾಲು ಇಳಿಯುತ್ತಿರುತ್ತದೆ. ನನ್ನ ಹಳೆಯ ಕ್ಯಾಮೆರಾದಲ್ಲಿ ಒಂದು ಹಾರಿಕೆಗೆ ಒಂದೇ ಚಿತ್ರ. ಅದಕ್ಕೇ ನಾನು ನೋಡಿ ಒತ್ತುವುದಿಲ್ಲ, ಕೇಳಿ ಒತ್ತುತ್ತೇನೆ. ಹಾರುವ ಮುಂಚೆ ನೀನು ಮೂಗಿನಲ್ಲಿ ಉಸಿರೆಳೆದು ಹಿಡಿಯುತ್ತಿದ್ದೆ. ಆ ಸದ್ದಿನಿಂದ ತುದಿ ಮುಟ್ಟುವವರೆಗಿನ ಹೊತ್ತು ನನ್ನ ಬೆರಳಿಗೆ ಗೊತ್ತಿತ್ತು. ಮೇಲೆ ಹೋದಮೇಲೆ ನೀನು ಇಳಿಯುವುದನ್ನೇ ಮರೆತವಳಂತೆ ಇರುತ್ತಿದ್ದೆ.

ಹೊಸ ಹುಡುಗಿ ಬೇಗ ಇಳಿಯುತ್ತಾಳೆ. ನನ್ನ ಬೆರಳು ನಿನಗಾಗಿ ಕಾಯುತ್ತದೆ. ವಾರವಿಡೀ ತೆಗೆದ ಚಿತ್ರಗಳಲ್ಲೆಲ್ಲ ಅವಳ ಮಂಡಿ ಬಾಗಿದೆ, ಕತ್ತು ಕುಸಿದಿದೆ. ನೃತ್ಯದ ಮೇಷ್ಟ್ರು ಎಲ್ಲರೆದುರು, ‘ಏನಮ್ಮಾ ಇದು? ಹಕ್ಕಿ ಕೇಳಿದ್ರೆ ಮೂಟೆ ತಂದುಕೊಡ್ತೀಯಲ್ಲ!’ ಎಂದರು. ಎಲ್ಲರೂ ನಕ್ಕರು. ಇವತ್ತು ಸಂಜೆಯೊಳಗೆ ಸರಿಯಾದ ಚಿತ್ರ ಬರದಿದ್ದರೆ ಬೇರೆಯವರನ್ನು ಕರೆಸುತ್ತೇವೆ ಎಂದಿದ್ದರು. ಮನೆಗೆ ಬರುವ ಸಂಬಳ ಈಗ ನನ್ನದೊಂದೇ ಎಂದು ನಿನಗೆ ಗೊತ್ತು.

ಆದರೆ ನಿಜ ಹೇಳಲಾ? ಆ ಕೆಟ್ಟ ಚಿತ್ರಗಳನ್ನು ನೋಡಿದಾಗ ನನಗೆ ಒಳಗೊಳಗೇ ಸಮಾಧಾನವಾಗುತ್ತಿತ್ತು. ನೀನು ಕುಣಿಯುವುದು ನಿಂತರೂ ನಿನ್ನ ಹಾರಿಕೆ ನನ್ನ ಬೆರಳಲ್ಲಿ ಇನ್ನೂ ನಡೆಯುತ್ತಿದೆ ಅನ್ನಿಸುತ್ತಿತ್ತು. ಅದೊಂದನ್ನು ಯಾರೂ ಸೊಂಟ ಹಿಡಿಸಿ ಬೇರೆಯವರಿಗೆ ತೊಡಿಸಲಾರರು ಅಂದುಕೊಂಡಿದ್ದೆ.

ಮಧ್ಯಾಹ್ನ ಆ ಹುಡುಗಿ ಬ್ಯಾಲೆ ಬೂಟಿನ ರಿಬ್ಬನ್ ಬಿಚ್ಚುತ್ತಾ ನನ್ನ ಪಕ್ಕ ಕೂತಳು. ಕಾಲಿನ ಹೆಬ್ಬೆರಳಿಗೆ ಸುತ್ತಿದ್ದ ಬಟ್ಟೆ ರಕ್ತದಲ್ಲಿ ಅಂಟಿಕೊಂಡಿತ್ತು. ‘ನೀವು ಯಾರನ್ನ ಕಾಯ್ತಿದ್ದೀರ ಅಂತ ನಂಗೊತ್ತು. ಅವರ ಥರ ನಂಗೆ ಬರಲ್ಲ ಕಣ್ರೀ. ನಾನು ಬಾಯಲ್ಲಿ ಉಸಿರು ತಗೋತೀನಿ. ಒಂದ್ಸಲ ನಂದನ್ನೂ ಕೇಳಿಸ್ಕೊಳ್ಳಿ’ ಎಂದಳು. ತಾನೇನು ತಪ್ಪು ಮಾಡಿದೆ ಎಂದು ಕೇಳಲಿಲ್ಲ. ಕೇಳಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಸಂಜೆ ಮತ್ತೆ ಕ್ಯಾಮೆರಾ ಹಿಡಿದು ರಂಗದ ಪಕ್ಕ ನಿಂತೆ. ಚಿತ್ರ ಬರಲಿಲ್ಲ. ಕೆಲಸ ಹೋಯಿತೆಂದು ಅಮ್ಮನಿಗೆ ಇನ್ನೂ ಹೇಳಿಲ್ಲ. ನೀನೂ ಹೇಳಬೇಡ. ಹೇಳಲೆಂದಾದರೂ ಬಾಗಿಲು ತೆಗೆಯುವುದಾದರೆ, ಹೇಳು.

ಇಂತಿ,
ನಿನ್ನ ಸೋಪಿನ ಡಬ್ಬಿ

ತಾ.ಕ.: ಕಾಗದ ಮಡಚಿ ನಿನ್ನ ಬಾಗಿಲ ತನಕ ತಂದು, ತಳ್ಳಲಾರದೆ ವಾಪಸ್ ಬಂದೆ. ಕೊನೆಗೆ ಬರೆದದ್ದು ಸುಳ್ಳು. ಚಿತ್ರ ಬಂತು. ಅವಳು ಬಾಯಲ್ಲಿ ಉಸಿರೆಳೆದದ್ದನ್ನು ಕೇಳಿ ಒತ್ತಿದೆ. ಹಗುರಾಗಿ ಗಾಳಿಯಲ್ಲಿದ್ದಾಳೆ, ಚೆನ್ನಾಗಿದ್ದಾಳೆ. ಮೇಷ್ಟ್ರು ಬೆನ್ನು ತಟ್ಟಿದರು. ಎಲ್ಲರೂ ಹೋದಮೇಲೆ ಖಾಲಿ ರಂಗದ ಮುಂದೆ ನಿಂತು, ನಿನ್ನ ಉಸಿರನ್ನು ನೆನೆದುಕೊಂಡು ಒತ್ತಿ ನೋಡಿದೆ. ಬೆರಳು ಕಾಯಲಿಲ್ಲ, ಅವಳ ಹೊತ್ತಿಗೇ ಒತ್ತಿಬಿಟ್ಟಿತು. ಮತ್ತೆ ಮತ್ತೆ ಹಾಗೇ ಆಯಿತು. ನಿನ್ನದು ಸಿಗಲಿಲ್ಲ ಅಕ್ಕಾ. ರಾತ್ರಿಯೇ ಅಚ್ಚು ಹಾಕಿಸಿ ಬೆಳಿಗ್ಗೆ ಪೋಸ್ಟರ್ ಅಂಟಿಸುತ್ತಾರೆ. ನಿನ್ನ ಕಿಟಕಿಯ ಎದುರಿನ ಗೋಡೆಯೊಂದನ್ನು ಬಿಟ್ಟುಬಿಡಿ ಎಂದು ಅಂಟಿಸುವವನನ್ನು ಬೇಡಿಕೊಂಡೆ. ‘ಆ ಗೋಡೇನೇ ತಾಯಿ ಎಲ್ರಿಗೂ ಕಾಣೋದು’ ಎಂದು ನಕ್ಕ. ನಾಳೆ ಪರದೆ ಸರಿಸಬೇಡ.