ಸಾಕು ಎಂದರೆ ಬೇಕು

ಮೇ 4, ಭಾನುವಾರ. ಬೆಳಿಗ್ಗೆ

ಮೂಗಿನಲ್ಲಿ ಇನ್ನೂ ಕಪ್ಪು ಪುಡಿ. ಸ್ನಾನ ಆಯಿತು, ತಲೆ ತೊಳೆದದ್ದೂ ಆಯಿತು, ಆದರೂ ಕರವಸ್ತ್ರ ಕಪ್ಪು. ಬೀಡುಕಬ್ಬಿಣದ ಗುಣವೇ ಇದು – ಲೇತ್‌ಗೆ ಕೊಟ್ಟು ಕಡೆದರೆ ಸುರುಳಿ ಬರುವುದಿಲ್ಲ, ಮಸಿ ಬರುತ್ತದೆ. ಮೊನ್ನೆ ಹೊಲಿಗೆ ಅಂಗಡಿಯಲ್ಲಿ ಬಿಳಿ ಷರ್ಟಿನ ತೋಳು ಚಿಕ್ಕದು ಮಾಡುವಾಗ ಗಿರಾಕಿ ನನ್ನ ಉಗುರನ್ನೇ ನೋಡುತ್ತಿದ್ದ. ನೋಡಿಕೊಳ್ಳಲಿ.

ನಿನ್ನೆ ಎಂಜಿನ್ನಿನ ದೊಡ್ಡ ಚಕ್ರ, ಫ್ಲೈವೀಲ್, ಮುಗಿಯಿತು. ಎರಕದ ಮೇಲಿನ ಸಿಪ್ಪೆ ಕಲ್ಲಿನಷ್ಟು ಗಟ್ಟಿ, ಅದರಲ್ಲಿ ಮರಳು ಬೇರೆ. ಮೇಲೆ ಮೇಲೆ ಕೆರೆದರೆ ಟೂಲ್ ಮೊಂಡಾಗುತ್ತದೆ. ಒಂದೇ ಸಲಕ್ಕೆ ಸಿಪ್ಪೆಯ ಕೆಳಕ್ಕೆ ಇಳಿದುಬಿಡಬೇಕು. ನಾನು ಹೆದರಿ ಹೆದರಿ ಕೆರೆದು ಎರಡು ಟೂಲ್ ಹಾಳು ಮಾಡಿದೆ. ಅಣ್ಣ ಕುರ್ಚಿಯಲ್ಲಿ ಕೂತಲ್ಲಿಂದಲೇ ಎಡಗೈಯಲ್ಲಿ ಗಾಳಿಯನ್ನು ಗುದ್ದಿ ತೋರಿಸಿದ. ಹಾಗಲ್ಲ, ಹೀಗೆ! ಮಾತು ಹೋದರೂ ಬೈಗುಳಕ್ಕೇನೂ ಬರ ಬಂದಿಲ್ಲ.

ಲಿಫ್ಟ್ ಮೆಕ್ಯಾನಿಕ್ ಆಗಿ ಜನರನ್ನೆಲ್ಲ ಮೇಲೆ ಕೆಳಗೆ ಓಡಾಡಿಸಿದವನು. ರಿಟೈರ್ ಆದ ಮೇಲೆ ಹಿಂದಿನ ಕೋಣೆಗೆ ಲೇತ್ ತಂದಿಟ್ಟ – ಮೇಜಿನ ಮೇಲೆ ಓಡುವ ಉಗಿ ಎಂಜಿನ್ ಮಾಡುತ್ತೇನೆಂದು. ಫೆಬ್ರವರಿಯಲ್ಲಿ ಸ್ಟ್ರೋಕ್. ಬಲಗೈ ಹೋಯಿತು, ಒಂದೆರಡು ಒಂಟಿ ಪದ ಬಿಟ್ಟರೆ ಮಾತೂ ಹೋಯಿತು. ಎಂಜಿನ್ನಿನ ಒರಟು ಎರಕಗಳ ಪೆಟ್ಟಿಗೆ ಮನೆಗೆ ಬಂದ ದಿನ ಅವನು ಆಸ್ಪತ್ರೆಯಲ್ಲಿ. ಪೆಟ್ಟಿಗೆಯನ್ನು ಹಿಂದಕ್ಕೆ ಕಳಿಸೋಣ ಎಂದರು ಅತ್ತಿಗೆ. ನಾನು ಮಾಡುತ್ತೇನೆ ಎಂದುಬಿಟ್ಟೆ. ಹೊಲಿಗೆ ಮಿಷನ್ನೂ ಮಿಷನ್ನೇ ತಾನೇ ಎಂದು... ನನ್ನ ಬಾಯಿಗೆ ಯಾರಾದರೂ ಕಾಜ ಹಾಕಿ ಗುಂಡಿ ಹೊಲಿಯಬೇಕಿತ್ತು.

ಮೇ 7, ಬುಧವಾರ

ಮಾತಿನ ಮೇಡಂ ಬಂದಿದ್ದರು. ಅಣ್ಣನಿಗೆ ಚಿತ್ರ ತೋರಿಸಿ ಮಾತಾಡಿಸುವವರು. ಅವರು ಬಂದಾಗ ನಾವು ಲೇತ್ ಮುಂದೆ. ಅಣ್ಣ "ಸಾಕು, ಸಾಕು" ಎಂದ. ನಾನು ಇನ್ನಷ್ಟು ಕೊರೆದೆ. ಮೇಡಂಗೆ ಗಾಬರಿ.

"ಅವರು ಸಾಕು ಅಂತಿದಾರೆ, ನೀವು ನಿಲ್ಲಿಸ್ತಾನೇ ಇಲ್ವಲ್ಲ!"

"ಅಣ್ಣನ ಡಿಕ್ಷನರೀಲಿ ಸಾಕು ಅಂದ್ರೆ ಬೇಕು, ಮೇಡಂ."

ನಿಜ. ನೀರು ಬೇಕಾದರೆ "ಸಾಕು" ಎಂದು ಲೋಟ ಚಾಚುತ್ತಾನೆ. ಹೊಟ್ಟೆ ತುಂಬಿದರೆ "ಬೇಕು ಬೇಕು" ಎಂದು ತಟ್ಟೆ ತಳ್ಳುತ್ತಾನೆ. ಮೊದಮೊದಲು ಪಾಪ, ಅತ್ತಿಗೆ ಬಡಿಸಿದ್ದೇ ಬಡಿಸಿದ್ದು, ಅವನು ಅತ್ತೇಬಿಟ್ಟ. ಅವೆರಡು ಮಾತು ಅದಲುಬದಲಾಗಿವೆ ಎಂದು ಕಂಡುಹಿಡಿದವಳು ನಾನು. ಆವತ್ತಿನಿಂದ ನನಗೆರಡು ಕೋಡು.

ಮೇಡಂಗೆ ಇದು ಸರಿಬರಲಿಲ್ಲ. "ನೀವೇ ಉಲ್ಟಾ ಅರ್ಥ ಮಾಡ್ಕೊಂಡು ಕೆಲಸ ನಡೆಸಿಬಿಟ್ರೆ, ತಪ್ಪಾಯ್ತು ಅಂತ ಅವರಿಗೆ ಗೊತ್ತಾಗೋದು ಹೇಗೆ? ಪ್ರತಿ ಸಲ ಎರಡೂ ಕೇಳಿ. ಸಾಕಾ, ಬೇಕಾ – ಅಂತ. ತಲೆ ಆಡಿಸಲಿ."

"ಲೇತ್ ತಿರುಗ್ತಿರುತ್ತೆ ಮೇಡಂ. ಸಂದರ್ಶನ ಮಾಡ್ತಾ ಕೂತ್ರೆ ಬೆರಳು ಅದರೊಳಗೆ ಹೋಗುತ್ತೆ."

ಅಣ್ಣ ನಕ್ಕ. ಅರ್ಧ ಮುಖವಷ್ಟೇ ನಗುತ್ತದೆ ಈಗ, ಆದರೂ ನಗು ನಗುವೇ. ನಾನು ಗೆದ್ದೆ ಎಂದುಕೊಂಡೆ.

ಇನ್ನೊಂದು ಮಾತು, ಇಲ್ಲಿ ಮಾತ್ರ ಬರೆಯಬಹುದಾದದ್ದು. ಅವನ ಮಾತು ನನಗೊಬ್ಬಳಿಗೇ ತಿಳಿಯುವುದು ನನಗೆ ಇಷ್ಟ. ಯಾರಾದರೂ ಬಂದರೆ ಅತ್ತಿಗೆಯೇ ನನ್ನ ಕಡೆ ತಿರುಗಿ "ಏನಂತೆ?" ಎನ್ನುತ್ತಾರೆ. ಆಗ ಒಳಗೊಳಗೇ ಹಿಗ್ಗು.

ಮೇ 11, ಭಾನುವಾರ

ಸಿಲಿಂಡರ್ ಬಾಕಿ.

ಎಲ್ಲರೂ ಸಿಲಿಂಡರ್ ಕೊರೆದು, ಆಮೇಲೆ ಅದರೊಳಗೆ ಓಡಾಡಲು ತಕ್ಕ ಪಿಸ್ಟನ್ ಮಾಡುತ್ತಾರಂತೆ. ಸಿಲಿಂಡರ್ ಕೊಡಬೇಕಾದ ಎರಕದವರು ನಾಳೆ ಬಾ, ನಾಡಿದ್ದು ಬಾ ಎನ್ನುತ್ತಿದ್ದರು. ಅಣ್ಣನಿಗೆ ಕೈಕಟ್ಟಿ ಕೂತು ಗೊತ್ತಿಲ್ಲ. ಜನವರಿಯಲ್ಲಿ ಪಿಸ್ಟನ್ ಮೊದಲು ಮಾಡಿಟ್ಟ. ಈಗ ಅದರ ಅಳತೆಗೆ ಸಿಲಿಂಡರ್ ಕೊರೆಯಬೇಕು. ನನಗೇನೂ ವಿಚಿತ್ರ ಅನ್ನಿಸಲಿಲ್ಲ. ಗುಂಡಿ ನೋಡಿಯೇ ಕಾಜ ಹಾಕುವವಳು ನಾನು. ಆದರೆ ಕಾಜ ದೊಡ್ಡದಾದರೆ ಎರಡು ಹೊಲಿಗೆ ಹಾಕಿ ಚಿಕ್ಕದು ಮಾಡಬಹುದು. ಕಬ್ಬಿಣಕ್ಕೆ ಹೊಲಿಗೆ ಎಲ್ಲಿ ಹಾಕುವುದು?

ಪಿಸ್ಟನ್ ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟಿದೆ. ಆ ಬಲಗೈ ಮಾಡಿದ ಕೊನೆಯ ಕೆಲಸ. ದಿನಾ ತೆಗೆದು ಎಡಗೈಯಲ್ಲಿ ಉರುಳಿಸಿ ನೋಡುತ್ತಾನೆ, ಮತ್ತೆ ಸುತ್ತಿಡುತ್ತಾನೆ. ಉಳಿದದ್ದೆಲ್ಲ ನನ್ನ ಸೊಟ್ಟ ಕೆಲಸ. ಅದೊಂದು ಅವನದು. ಅದು ಸಿಲಿಂಡರಿನಲ್ಲಿ ಓಡಬೇಕು. ಓಡಿದರೆ ಆ ಕೈ ಇನ್ನೂ ಕೆಲಸ ಮಾಡುತ್ತಿದೆ ಎಂದೇ ಲೆಕ್ಕ. ಡಾಕ್ಟರ್ ಏನಾದರೂ ಹೇಳಲಿ. ಹುಚ್ಚು ಯೋಚನೆ, ಗೊತ್ತು. ಅವನೂ ಅದನ್ನೇ ಯೋಚಿಸುತ್ತಾನೆ ಎಂದೂ ಗೊತ್ತು.

ಮೇ 15, ಗುರುವಾರ

ಸಿಲಿಂಡರ್ ಲೇತ್ ಹತ್ತಿತು. ನಡುಮಧ್ಯಕ್ಕೆ ತರುವಷ್ಟರಲ್ಲಿ ಹೈರಾಣಾದೆ. ಈ ಕಡೆ ತಟ್ಟಿದರೆ ಆ ಕಡೆ ವಾಲುತ್ತದೆ, ಹಟಮಾರಿ ಮಗುವಿನ ಹಾಗೆ. ದಪ್ಪ ಕೊರೆತ ಮುಗಿದಿದೆ. ಒಳಗೆ ಗುಳಿಯಿಲ್ಲ, ತೂತಿಲ್ಲ, ಒಳ್ಳೆಯ ಎರಕ. ಅಣ್ಣ ಎಡಗೈ ಬೆರಳು ಒಳಗೆ ಆಡಿಸಿ ಕಣ್ಣು ಮುಚ್ಚಿದ.

ಅಂಗಡಿಯಿಂದ ಬಂದಾಗ ಅತ್ತಿಗೆ ನನ್ನ ಮಹಡಿ ಕೋಣೆಯ ಮೆಟ್ಟಿಲ ಬುಡದಲ್ಲೇ ಹಿಡಿದರು. "ಇವರಿಗೆ ನನ್ ಅಡುಗೆ ಮೇಲೆ ಯಾಕೋ ಕೋಪ. ನಿನ್ನೆ ಸಾಕು ಅಂದ್ರು, ಇನ್ನೊಂದು ಸೌಟು ಹಾಕ್ದೆ. ಮುಖ ಊದಿಸ್ಕೊಂಡು ತಟ್ಟೇಲೇ ಬಿಟ್ಟು ಎದ್ರು. ಇವತ್ತೂ ಹಾಗೇ."

"ಉಪ್ಪು ಜಾಸ್ತಿ ಆಗಿರ್ಬೇಕು ಅತ್ತಿಗೆ."

"ನಿನ್ ಅಣ್ಣನ ಪರ ನೀನು ಮಾತಾಡದೆ ಇನ್ಯಾರು ಮಾತಾಡ್ತಾರೆ!" ಅವರ ಮುಖವೂ ಊದಿತು. ಮನೆಯಲ್ಲಿ ಈಗ ಎರಡು ಊದಿದ ಮುಖ, ಒಂದು ಕಪ್ಪು ಮೂಗು.

ಮೇ 17, ಶನಿವಾರ. ಬೆಳಿಗ್ಗೆ

ಇವತ್ತು ಕೊನೆಯ ಕೊರೆತ. ಅಂಗಡಿಗೆ ರಜೆ ಹೇಳಿದೆ. ಟೂಲ್ ಮಸೆದು ಇಟ್ಟಿದೆ. ಅಣ್ಣ ಆಗಲೇ ಕ್ಷೌರ ಮಾಡಿಸಿಕೊಂಡು ಕೂತಿದ್ದಾನೆ, ಫೋಟೊಗೆ ಕೂತವನ ಹಾಗೆ. ಹೋಗುತ್ತೇನೆ.

ಮಧ್ಯಾಹ್ನ

ಹಾಳಾಯಿತು. ನಾನೇ.

ಮೇ 26, ಸೋಮವಾರ

ಬರೆದೇ ಬಿಡುತ್ತೇನೆ.

ಆ ಶನಿವಾರ ತೆಳುವಾಗಿ ಕೊರೆದೆ. ಲೇತ್ ನಿಲ್ಲಿಸಿದೆ. ಮಸಿ ಒರೆಸಿ ಪಿಸ್ಟನ್ ಹಾಕಿ ನೋಡಿದೆ. ಅರ್ಧ ಹೋಯಿತು, ಬಿಗಿ. ಆ ಬಿಗಿಯಲ್ಲೇ ಬಿಟ್ಟು, ಪೇಸ್ಟ್ ಹಚ್ಚಿ ಉಜ್ಜಿ ಕೂರಿಸುವುದು ಅಣ್ಣನ ಲೆಕ್ಕ – ಈಗ ಗೊತ್ತು. ಆಗ ನನಗೆ ಅನ್ನಿಸಿದ್ದು, ಇನ್ನೊಂದು ಕೂದಲೆಳೆಯಷ್ಟು ಹೋದರೆ ಚೆನ್ನ.

"ಅಣ್ಣಾ, ಇನ್ನೊಂದ್ ಸಲ?"

"ಸಾಕು."

ಡಯಲ್‌ನಲ್ಲಿ ಒಂದು ಗೆರೆಯಷ್ಟು ಆಳ ಕೊಟ್ಟೆ.

"ಸಾಕು!"

ಒಂದು ಸಾಲದು ಎನ್ನುತ್ತಿದ್ದಾನೆ ಎಂದುಕೊಂಡು ಇನ್ನೊಂದು ಗೆರೆ. "ಕೊಟ್ಟೆ ಕಣಣ್ಣ, ಅವಸರ ಮಾಡ್ಬೇಡ" ಎಂದು ಸ್ವಿಚ್ ಹಾಕಿದೆ. ಅವನು ಕೂಗುತ್ತಿದ್ದ. ಊರುಗೋಲಿನಿಂದ ಮೇಜು ಬಡಿಯುತ್ತಿದ್ದ. ನನಗೆ ಖುಷಿ – ನೋಡು, ಎಷ್ಟು ಹುರುಪು! ಲೇತ್ ಸದ್ದಿನಲ್ಲಿ ಹಾಡಿಕೊಳ್ಳುತ್ತಲೂ ಇದ್ದೆ ಎಂದು ಕಾಣುತ್ತದೆ.

ಮುಗಿಯಿತು. ಪಿಸ್ಟನ್ ಹಾಕಿದೆ. ಈ ಕಡೆ ಹಾಕಿದ್ದು ಆ ಕಡೆಯಿಂದ ಟಣ್ ಎಂದು ಟ್ರೇಗೆ ಬಿತ್ತು.

"ಸಾಕು ಅಂದ್ರೆ... ಸಾಕು ಕಣೇ!"

ಫೆಬ್ರವರಿಯಿಂದೀಚೆಗೆ ಅವನ ಬಾಯಿಂದ ಒಂಟಿ ಮಾತು ಬಿಟ್ಟರೆ ಬೇರೇನೂ ಬಂದಿರಲಿಲ್ಲ. ಅತ್ತಿಗೆ ಸೌಟು ಹಿಡಿದುಕೊಂಡೇ ಓಡಿ ಬಂದರು. "ಏನಂದ್ರಿ? ಏನಂದ್ರೀ?" ಅವನೂ ಬೆಚ್ಚಿದ್ದ. ಇನ್ನೊಂದು ಸಲ ಹೇಳಿದ, ನಿಧಾನವಾಗಿ, ತನ್ನ ದನಿ ತಾನೇ ಕೇಳಿಸಿಕೊಳ್ಳುತ್ತಾ. ಅತ್ತಿಗೆಗೆ ಆಗ ಹೊಳೆಯಿತು. "ಅಯ್ಯೋ! ಹಾಗಾದ್ರೆ ಊಟಕ್ಕೂ ನಿಜವಾಗ್ಲೂ ಸಾಕು ಅಂತಲೇ ಅಂದಿದ್ದಾ!" ನೆಲದ ಮೇಲೆ ಕೂತು ನಗುವುದಕ್ಕೆ ಹಿಡಿದರು. ಅಣ್ಣ ಅಳುತ್ತಿದ್ದ. ನಾನು ಟ್ರೇಯಲ್ಲಿ ಕಣ್ಣಿಗೆ ಕಾಣುತ್ತಲೇ ಇದ್ದ ಪಿಸ್ಟನ್ ಹುಡುಕುವವಳ ಹಾಗೆ ಬಗ್ಗಿದ್ದೆ, ಯಾರೂ ನನ್ನ ಮುಖ ನೋಡಬಾರದೆಂದು.

ಅವತ್ತಿನಿಂದ ಕೆಳಗೆ ಹೋಗಿಲ್ಲ. ಅಂಗಡಿಯಿಂದ ಬಂದವಳು ಸೀದಾ ಮೇಲೆ. ಮಾತು ಮರಳುತ್ತಿದೆ, ಅದಕ್ಕಿಂತ ಇನ್ನೇನು ಬೇಕು ಈ ಮನೆಗೆ? ಸಂತೋಷವಿದೆ, ಸುಳ್ಳಲ್ಲ. ಆದರೆ ಆ ಕೈಯ ಕೊನೆಯ ಕೆಲಸವನ್ನು ನಾನು ಕಸಕ್ಕೆ ಹಾಕಿದೆ. ಅವನ ಮಾತು ನನಗಷ್ಟೇ ಗೊತ್ತು ಎಂಬ ಜಂಬದಲ್ಲಿ ಕಿವಿಯನ್ನೇ ಮುಚ್ಚಿಕೊಂಡಿದ್ದೆ. ಮೇಡಂ ಹೇಳಿದ್ದರು, ಎರಡೂ ಕೇಳಿ ಎಂದು. ಕೇಳಲಿಲ್ಲ. ಇನ್ನು ಯಾರೂ ನನ್ನ ಕಡೆ ತಿರುಗಿ "ಏನಂತೆ?" ಎನ್ನಬೇಕಾಗಿಲ್ಲ. ಅದಕ್ಕೂ ಸಂಕಟವಾಗುತ್ತಿದೆ. ಎಂಥ ಹೆಂಗಸು ನಾನು.

ಮೇ 30, ಶುಕ್ರವಾರ

ಅತ್ತಿಗೆ ಮೇಲೆ ಬಂದರು. ಮಂಡಿ ನೋವಿಗೆ ಮೆಟ್ಟಿಲು ಹತ್ತದವರು.

"ನೀನು ಮುಷ್ಕರ ಹೂಡಿದ್ರೆ ನನ್ ಗತಿ ಏನು? ಬೆಳಿಗ್ಗೆಯಿಂದ 'ಸೂಜಿ ಎಲ್ಲಿ, ಸೂಜಿ ಎಲ್ಲಿ' ಅಂತ ಒಂದೇ ಸಮ. ನಾನು ಪೆದ್ದಿ, ಹೊಲಿಗೆ ಡಬ್ಬಿ ತಂದುಕೊಟ್ಟೆ. ಬೈಸ್ಕೊಂಡೆ."

ಸೂಜಿ ಎಂದರೆ ನಾನು. ಚಿಕ್ಕಂದಿನಿಂದ ಅವನಿಟ್ಟ ಹೆಸರು, ನನ್ನ ನಾಲಿಗೆಗಾಗಿ. ನಾಲಿಗೆ ಈಗ ಎಲ್ಲಿ ಹೋಯಿತೋ. ನಾಳೆ ಬರುತ್ತೇನೆ ಎಂದೆ.

ಜೂನ್ 1, ಭಾನುವಾರ

ಹೋದೆ.

ಹಳೆ ಪಿಸ್ಟನ್ ಕಿಟಕಿಯ ಕಟ್ಟೆಯ ಮೇಲೆ, ಎಂಜಿನ್ ನಕ್ಷೆಯ ಹಾಳೆ ಹಾರದ ಹಾಗೆ ಇಟ್ಟಿದೆ. ಎಣ್ಣೆಬಟ್ಟೆ ಇಲ್ಲ. ಲೇತ್‌ನ ಹಿಡಿತದಲ್ಲಿ ಕಬ್ಬಿಣದ ಹೊಸ ಸರಳು. ಎಡಗೈಯೊಂದರಲ್ಲೇ ಹೇಗೆ ಬಿಗಿದನೋ, ಸ್ವಲ್ಪ ಓರೆ.

"ಅಣ್ಣಾ... ನಿನ್ ಪಿಸ್ಟನ್–"

ಕೈ ಎತ್ತಿ ತಡೆದ. ಮಾತು ಹುಡುಕಿದ. ನಾನು ಬಾಯಿ ಹಾಕಲಿಲ್ಲ. ಬಹಳ ಕಷ್ಟವಾಯಿತು, ಹಾಕದೆ ಇರುವುದು. ಮಡಿಲಲ್ಲಿ ಸುಮ್ಮನೆ ಬಿದ್ದಿದ್ದ ಬಲಗೈಯನ್ನು ಗದ್ದದಿಂದ ತೋರಿಸಿದ.

"ಆ ಕೈ... ಸಾಕು."

ಆಮೇಲೆ ಎಡಗೈಯಲ್ಲಿ ನನ್ನ ಮಣಿಕಟ್ಟು ಹಿಡಿದು, ಲೇತ್‌ನ ಹಿಡಿಕೆಯ ಮೇಲೆ ಇಟ್ಟು, ಮೇಲೆ ತನ್ನ ಕೈಯನ್ನೂ ಇಟ್ಟ.

"ಈ ಕೈ... ಬೇಕು."

ಅವನ ಕೈಯೋ, ನನ್ನ ಕೈಯೋ? ಸಾಕಾ, ಬೇಕಾ ಎಂದು ಎರಡೂ ಕೇಳಬೇಕಿತ್ತು. ಕೇಳಲಿಲ್ಲ. ಸರಳನ್ನು ಬಿಚ್ಚಿ ನೇರ ಮಾಡಿದೆವು, ಇಬ್ಬರೂ.

ಜೂನ್ 4, ಬುಧವಾರ. ಸಂಜೆ

ಹೊಸ ಪಿಸ್ಟನ್ ಇನ್ನೂ ಸ್ವಲ್ಪ ದಪ್ಪ ಇದೆ. ದೊಡ್ಡದಾದ ಕಾಜಕ್ಕೆ ದೊಡ್ಡ ಗುಂಡಿ, ಅಷ್ಟೇ ತಾನೇ. ಹಿಡಿಕೆ ತಿರುಗಿಸುವುದು ಅವನು, ಅಳೆಯುವುದು ನಾನು. ಅವನ ಎಡಗೈ ತಡವರಿಸುತ್ತದೆ, ನಿಲ್ಲುತ್ತದೆ, ಮತ್ತೆ ಹೊರಡುತ್ತದೆ. ಪಿಸ್ಟನ್ನಿನ ಮೈಮೇಲೆ ಗೆರೆ ಗೆರೆ ಬಂದಿದೆ. ಹಳೆಯದರ ಹಾಗೆ ಕನ್ನಡಿಯಲ್ಲ. ಅವನಿಗೆ ಬೇಜಾರಿಲ್ಲ, ನನಗೂ ಇಲ್ಲ.

ಮಾತಿನ ಮೇಡಂ ಬಂದರೆ ಅವರ ಕಾಲಿಗೆ ಬೀಳಬೇಕು. ಬೇಡ, ತಬ್ಬಿಬ್ಬಾಗುತ್ತಾರೆ. ಅವರ ಕೋಟಿನ ಜೇಬು ಹರಿದಿದೆ, ಹೊಲಿದುಕೊಡುತ್ತೇನೆ.

ಅರೆ... ಲೇತ್ ಸದ್ದು. ಅತ್ತಿಗೆ ತರಕಾರಿಗೆ ಹೋಗಿದ್ದಾರೆ, ನಾನು ಇಲ್ಲಿ ಮಹಡಿಯಲ್ಲಿದ್ದೇನೆ. ಅಂದರೆ ಸ್ವಿಚ್ ಹಾಕಿದ್ದು ಅವನೇ. ಒಬ್ಬನೇ!

ಈಗ ನಿಂತಿತು. ಕೂಗುತ್ತಿದ್ದಾನೆ. "ಸೂಜೀ... ಬೇಕು!"

ಬೇಕು ಎಂದರೆ... ಇಲ್ಲ, ಕೆಳಗೆ ಹೋಗಿ ಎರಡೂ ಕೇಳುತ್ತೇನೆ.